ಕ್ರಿಪ್ಟೋ ಹಣಕ್ಕೆ ಹಾರ್ಡ್‌ವೇರ್ ವಾಲೆಟ್ ಕಾವಲು: ಹೇಗೆ, ಎಷ್ಟು ಭದ್ರ?

ಬಿಟ್‌ಕಾಯಿನ್‌ನಂತಹ ಕ್ರಿಪ್ಟೋ ಹಣವನ್ನು ಸ್ವಂತ ವಶದಲ್ಲೇ ಇಟ್ಟುಕೊಂಡವರಿಗೆ ಬ್ಯಾಂಕಿನ ಶಾಖೆಯಿಲ್ಲ, ಮ್ಯಾನೇಜರ್ ಇಲ್ಲ. ಕೀಲಿ ಕಳೆದುಹೋದರೆ ಅರ್ಜಿ ಕೊಟ್ಟು ಹೊಸತು ಪಡೆಯುವ ಕ್ರಮವೂ ಇಲ್ಲ. 'ಖಾಸಗಿ ಕೀಲಿ' ಎಂಬ ಗುಪ್ತ ಸಂಖ್ಯೆ ಯಾರ ಕೈಯಲ್ಲಿದೆಯೋ ಹಣ ಖರ್ಚು ಮಾಡುವ ಅಧಿಕಾರ ಅವರದ್ದು. ಆ ಸಂಖ್ಯೆಯನ್ನು ಕಾಯುವುದಕ್ಕೆಂದೇ ಇರುವ ಸಣ್ಣ ಸಾಧನ ಹಾರ್ಡ್‌ವೇರ್ ವಾಲೆಟ್. ಝೆಕ್ ದೇಶದ ಸತೋಶಿಲ್ಯಾಬ್ಸ್ 2014ರಲ್ಲಿ ತಂದ 'ಟ್ರೆಝರ್' ಇವುಗಳಲ್ಲಿ ಮೊದಲಿನದು. ಫ್ರಾನ್ಸಿನ 'ಲೆಡ್ಜರ್' ಇನ್ನೊಂದು ಹೆಸರಾಂತ ಕಂಪನಿ.

ಹಣ ಒಳಗಿಲ್ಲ, ಕೀಲಿ ಮಾತ್ರ

ಪೆನ್ ಡ್ರೈವ್‌ನಂತೆ ಕಾಣುವ ಈ ಸಾಧನದೊಳಗೆ ನಾಣ್ಯಗಳಿರುತ್ತವೆ ಎಂದು ತಿಳಿದವರು ಹಲವರು. ನಿಜವಾಗಿ ಲೆಕ್ಕವೆಲ್ಲ ಇರುವುದು ಸಾವಿರಾರು ಕಂಪ್ಯೂಟರ್‌ಗಳಲ್ಲಿ ಹರಡಿರುವ ಬ್ಲಾಕ್‌ಚೈನ್ ಎಂಬ ಖಾತೆ ಪುಸ್ತಕದಲ್ಲಿ. ಸಾಧನದಲ್ಲಿರುವುದು ಕೀಲಿ ಮಾತ್ರ.

ಹಣ ಕಳುಹಿಸುವಾಗ ಕಂಪ್ಯೂಟರ್ ಅಥವಾ ಮೊಬೈಲ್ ಒಂದು ಕೋರಿಕೆಯನ್ನು ಸಾಧನಕ್ಕೆ ಕೊಡುತ್ತದೆ. ಯಾರಿಗೆ, ಎಷ್ಟು ಎಂಬುದು ಸಾಧನದ ಪುಟ್ಟ ಪರದೆಯಲ್ಲಿ ಮೂಡುತ್ತದೆ. ಮಾಲೀಕರು ಗುಂಡಿ ಒತ್ತಿದರೆ ಸಾಧನ ಒಳಗಿಂದಲೇ ಸಹಿ ಹಾಕಿ, ಸಹಿಯನ್ನಷ್ಟೇ ಹೊರಗೆ ಕೊಡುತ್ತದೆ. ಕೀಲಿ ಹೊರಗೆ ಬರುವುದೇ ಇಲ್ಲ. ಹಾಗಾಗಿ ಕಂಪ್ಯೂಟರಿಗೆ ವೈರಸ್ ಹೊಕ್ಕಿದ್ದರೂ ಕೀಲಿ ಅದರ ಕೈಗೆ ಸಿಗದು.

ಸಾಧನ ಕಳವಾದರೆ?

ಪಿನ್ ಇಲ್ಲದೆ ಸಾಧನ ತೆರೆಯದು. ಲೆಡ್ಜರ್‌ನಲ್ಲಿ ಮೂರು ಬಾರಿ ಪಿನ್ ತಪ್ಪಿದರೆ ಒಳಗಿನದೆಲ್ಲ ಅಳಿಸಿಹೋಗುತ್ತದೆ. ಟ್ರೆಝರ್‌ನಲ್ಲಿ ಪ್ರತಿ ತಪ್ಪಿಗೂ ಕಾಯುವ ಸಮಯ ಹೆಚ್ಚುತ್ತಾ ಹೋಗುತ್ತದೆ. ಆದರೂ ಇದು ಅಭೇದ್ಯ ಕೋಟೆಯಲ್ಲ. ಸಾಧನ ಕೈಗೆ ಸಿಕ್ಕರೆ ಸುಮಾರು 15 ನಿಮಿಷದಲ್ಲಿ ಟ್ರೆಝರ್‌ನಿಂದ ಗುಟ್ಟು ಹೊರತೆಗೆಯಬಹುದೆಂದು ಕ್ರಾಕೆನ್ ಸಂಸ್ಥೆಯ ತಜ್ಞರು 2020ರಲ್ಲಿ ತೋರಿಸಿಕೊಟ್ಟರು.

ಸಾಧನ ಅಳಿಸಿಹೋದರೂ ಹಣ ಹೋಗುವುದಿಲ್ಲ. ಮೊದಲ ದಿನವೇ ಅದು ತೋರಿಸುವ 12 ಅಥವಾ 24 ಪದಗಳನ್ನು ಬರೆದಿಟ್ಟುಕೊಂಡಿದ್ದರೆ ಹೊಸ ಸಾಧನದಲ್ಲಿ ಅವನ್ನೇ ಕೊಟ್ಟು ಎಲ್ಲವನ್ನೂ ಮರಳಿ ಪಡೆಯಬಹುದು. 2,048 ಪದಗಳ ಪಟ್ಟಿಯಿಂದ ಆಯ್ದ 12 ಪದಗಳನ್ನು ಊಹಿಸಬೇಕಾದರೆ 39 ಅಂಕಿಗಳಷ್ಟು ದೊಡ್ಡ ಸಂಖ್ಯೆಯ ಸಾಧ್ಯತೆಗಳನ್ನು ಜಾಲಾಡಬೇಕು.

ಕನ್ನಡದಲ್ಲಿ ಬರೆದಿಟ್ಟರೆ ತೊಂದರೆ

ಈ ಪದಪಟ್ಟಿ ಇಂಗ್ಲಿಷ್, ಜಪಾನಿ, ಸ್ಪ್ಯಾನಿಷ್ ಮೊದಲಾದ ಕೆಲವು ಭಾಷೆಗಳಲ್ಲಿದೆ. ಕನ್ನಡ, ಮಲಯಾಳ, ತಮಿಳು, ತೆಲುಗು, ಮರಾಠಿಗಳಲ್ಲಿ ಇಲ್ಲ. ಇಂಗ್ಲಿಷ್ ಪದವನ್ನು ಕೇಳಿದಂತೆ ಕನ್ನಡ ಲಿಪಿಯಲ್ಲಿ ಬರೆದಿಡುವುದು ಅಪಾಯ. 'ಬರೆ' ಎಂಬರ್ಥದ ರೈಟ್, 'ಸರಿ' ಎಂಬರ್ಥದ ರೈಟ್ ಎರಡೂ ಪಟ್ಟಿಯಲ್ಲಿವೆ. ಕನ್ನಡದಲ್ಲಿ ಎರಡೂ ಒಂದೇ. ವರ್ಷಗಳ ನಂತರ ಯಾವುದೆಂದು ಹೇಳುವವರು ಯಾರು? ಇಂಗ್ಲಿಷ್ ಅಕ್ಷರದಲ್ಲೇ, ಕ್ರಮಸಂಖ್ಯೆ ಹಾಕಿ ಬರೆಯಬೇಕು.

ಮೋಸ ಬರುವ ದಾರಿ

ಕಳ್ಳರು ಬೀಗ ಮುರಿಯುವುದಕ್ಕಿಂತ ಮಾಲೀಕರನ್ನೇ ಮರುಳು ಮಾಡುವುದು ಹೆಚ್ಚು. 2020ರಲ್ಲಿ ಲೆಡ್ಜರ್ ಗ್ರಾಹಕರ ಹೆಸರು, ವಿಳಾಸ, ಫೋನ್ ನಂಬರುಗಳು ಸೋರಿಕೆಯಾದವು. ಕೀಲಿಗಳು ಸೋರಲಿಲ್ಲ. ಆದರೆ ಪದಗಳನ್ನು ಕೇಳುವ ಸುಳ್ಳು ಮೇಲ್‌ಗಳು ಬಂದವು. 2021ರಲ್ಲಿ ಕೆಲವರ ಮನೆಗೆ ಅಂಚೆಯಲ್ಲಿ ನಕಲಿ ಸಾಧನಗಳೇ ಬಂದವು.

2025ರ ಫೆಬ್ರವರಿಯಲ್ಲಿ ಬೈಬಿಟ್ ಎಂಬ ವಿನಿಮಯ ಕೇಂದ್ರ ಸುಮಾರು 150 ಕೋಟಿ ಡಾಲರ್ ಕಳಕೊಂಡಾಗಲೂ ಕೀಲಿ ಕದ್ದಿರಲಿಲ್ಲ. ಕಂಪ್ಯೂಟರ್ ಪರದೆಯಲ್ಲಿ ಸುಳ್ಳು ವಿವರ ತೋರಿಸಿ, ಅಧಿಕಾರಿಗಳಿಂದಲೇ ಸಹಿ ಹಾಕಿಸಿಕೊಳ್ಳಲಾಗಿತ್ತು. ಓದದೆ ಸಹಿ ಹಾಕಿದರೆ ಸಾಧನ ಏನೂ ಮಾಡಲಾರದು.

ಗಮನದಲ್ಲಿರಲಿ

* ಸಾಧನವನ್ನು ಕಂಪನಿಯಿಂದ ಅಥವಾ ಅಧಿಕೃತ ಮಾರಾಟಗಾರರಿಂದಲೇ ಕೊಳ್ಳಬೇಕು. ಪದಗಳನ್ನು ಮೊದಲೇ ಬರೆದುಕೊಟ್ಟ ಸಾಧನ ಮೋಸದ್ದು.

* ಪದಗಳ ಫೋಟೋ ತೆಗೆಯಬಾರದು, ವಾಟ್ಸಾಪ್‌ನಲ್ಲಿ ಕಳುಹಿಸಬಾರದು. ಕಂಪನಿಯವರೆಂದು ಹೇಳಿ ಯಾರೇ ಕೇಳಿದರೂ ಕೊಡಬಾರದು.

* ಜಾಗದ ಆಧಾರ ಎಲ್ಲಿದೆಯೆಂದು ಮನೆಯವರಿಗೆ ತಿಳಿದಿರುವಂತೆ, ಪದಗಳ ಕಾಗದ ಎಲ್ಲಿದೆಯೆಂಬುದು ನಂಬಿಕಸ್ಥರೊಬ್ಬರಿಗಾದರೂ ತಿಳಿದಿರಲಿ. ಮಾಲೀಕರು ತೀರಿಕೊಂಡರೆ, ಕಾಗದ ಸಿಗದಿದ್ದರೆ, ವಾರಸುದಾರರಿಗೆ ಆ ಹಣ ಸಿಗುವುದಿಲ್ಲ.