ವಿಜಯದಶಮಿ ಕಳೆದ ಮೇಲಿನ ಹಸಿರು ಬಟನ್

ಆಯುಧಪೂಜೆಯ ಸಂಜೆ ಬೆಂಗಳೂರಿನ ಗಿರಿನಗರದಿಂದ ಹೊಸಕೆರೆಹಳ್ಳಿ ಕಡೆ ನಡೆದರೆ ಬೂದುಗುಂಬಳದ ಚೂರುಗಳನ್ನು ದಾಟಿಕೊಂಡೇ ಹೋಗಬೇಕು. ಸಣ್ಣ ವರ್ಕ್‌ಶಾಪುಗಳಲ್ಲಿ ಲೇತ್ ಮಿಂದು ಮಡಿಯಾಗಿ, ಲೋಹದ ತುಂಡನ್ನು ಹಿಡಿದು ತಿರುಗಿಸುವ ಚಕ್ಕಿಗೆ ಚೆಂಡುಹೂವಿನ ಹಾರ ಹಾಕಿಕೊಂಡು, ಸ್ಟಾರ್ಟರ್ ಡಬ್ಬಿಯ ಮೇಲೆ ಕುಂಕುಮ ಇಟ್ಟುಕೊಂಡು ನಿಂತಿರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸುವವರು ಜಾಣರು. ಬಕೆಟ್ ನೀರು ಸುರಿದೇ ತೊಳೆಯುವವರೂ ಇದ್ದಾರೆ. ರಜೆ ಮುಗಿದ ಬೆಳಿಗ್ಗೆ ಹಸಿರು ಬಟನ್ ಒತ್ತುವ ಹೊತ್ತಿಗೆ ಯಂತ್ರ ಮೂರ್ನಾಲ್ಕು ದಿನ ತಣ್ಣಗೆ ಕೂತಿದೆ, ನೀರು ಕುಡಿದಿದೆ, ಹೊರಗೆ ಹಿಂಗಾರಿನ ಮೋಡ ಬೇರೆ.

ಮೊದಲ ಪರೀಕ್ಷೆಗೆ ಕಣ್ಣು ಸಾಕು. ಮೋಟರಿನ ಫ್ಯಾನ್ ಕವರಿನೊಳಗೆ ಹಾರದ ದಾರ ಸಿಕ್ಕಿಕೊಂಡಿರಬಹುದು. ಚಕ್ಕಿನಲ್ಲೇ ಅದನ್ನು ಬಿಗಿಯುವ ಚಕ್ ಕೀ ಮರೆತಿದ್ದರೆ, ಯಂತ್ರ ತಿರುಗಿದ ಕ್ಷಣ ಅದು ಕವಣೆಕಲ್ಲು.

ಆಮೇಲೆ ಮೇನ್ ಆಫ್. ಫ್ಯೂಸ್ ಕ್ಯಾರಿಯರ್ ಕಿತ್ತು ಜೇಬಿಗೆ ಹಾಕಿಕೊಂಡರೆ ಇನ್ಯಾರೂ ಆನ್ ಮಾಡಲಾರರು. ದೊಡ್ಡ ಕಾರ್ಖಾನೆಗಳಲ್ಲಿ ಸ್ವಿಚ್ಚಿಗೆ ಬೀಗ ಜಡಿದು ಹೆಸರಿನ ಚೀಟಿ ತೂಗುಹಾಕುತ್ತಾರೆ. ಕರೆಂಟ್ ಇಲ್ಲ ಎಂದು ಖಾತ್ರಿ ಮಾಡಿಕೊಳ್ಳುವುದಕ್ಕೂ ಒಂದು ಕ್ರಮವಿದೆ. ಟೆಸ್ಟರನ್ನು ಮೊದಲು ಕರೆಂಟ್ ಇರುವ ಕಡೆ ಇಟ್ಟು ಉರಿಯುತ್ತದೆಯೇ ನೋಡಬೇಕು, ಆಮೇಲೆ ಆಫ್ ಮಾಡಿದ ಕಡೆ, ಮತ್ತೆ ಇರುವ ಕಡೆ. ನಡುವೆ ಟೆಸ್ಟರೇ ಕೆಟ್ಟಿದ್ದರೆ? ಡಿಜಿಟಲ್ ಮೀಟರಿನದು ಇದಕ್ಕೆ ತಿರುಗುಮುರುಗು ಕಾಟ. ಪಕ್ಕದ ವೈರಿನ ಪ್ರಭಾವದಿಂದ ಸತ್ತ ವೈರಿನಲ್ಲೂ ಹತ್ತಾರು ವೋಲ್ಟ್ ತೋರಿಸಿ ಬೆಚ್ಚಿಬೀಳಿಸುತ್ತದೆ.

ಈಗ ಮೆಗ್ಗರ್, ಅಂದರೆ ಇನ್ಸುಲೇಷನ್ ಪರೀಕ್ಷಿಸುವ ಉಪಕರಣ. ಬೆಂಗಳೂರಿಗೆ ವಿದ್ಯುದ್ದೀಪ ಬಂದದ್ದು 1905ರಲ್ಲಿ. ಅದಕ್ಕೆ ಎರಡು ವರ್ಷ ಮೊದಲೇ ಇಂಗ್ಲೆಂಡಿನಲ್ಲಿ ಈ ಹೆಸರು ನೋಂದಣಿಯಾಗಿತ್ತು. ಮೋಟರಿನ ತಾಮ್ರದ ಸುರುಳಿಗೂ ಕಬ್ಬಿಣದ ಮೈಗೂ ನಡುವೆ ಇರುವುದು ತೆಳು ವಾರ್ನಿಷ್ ಮತ್ತು ಕಾಗದದಂಥ ಪದರ. ಅಲ್ಲಿ ತೇವ ಸೇರಿದರೆ ಸಾಮಾನ್ಯ ಮಲ್ಟಿಮೀಟರಿಗೆ ಗೊತ್ತಾಗುವುದಿಲ್ಲ, ಅದು ತಳ್ಳುವುದು ಕೆಲವೇ ವೋಲ್ಟ್. ಪೈಪಿನ ಕೂದಲೆಳೆ ಬಿರುಕು ಕಾವೇರಿ ನೀರು ಜೋರಾಗಿ ಬಂದ ದಿನವಷ್ಟೇ ಕಾಣಿಸುತ್ತದಲ್ಲ, ಹಾಗೆ. ಮೆಗ್ಗರ್ 500 ವೋಲ್ಟ್ ಡಿಸಿ ಒತ್ತಡ ಹಾಕಿ, ಒಂದು ನಿಮಿಷದಲ್ಲಿ ಎಷ್ಟು ಸೋರುತ್ತದೆ ಎಂದು ನೋಡುತ್ತದೆ. ಒಣಗಿದ, ಆರೋಗ್ಯವಂತ ಮೋಟರ್ ನೂರಾರು ಮೆಗಾಓಮ್ ತೋರಿಸುತ್ತದೆ. ಒಂದಕ್ಕಿಂತ ಕೆಳಗಿಳಿದರೆ ಬಟನ್ ಮುಟ್ಟಬೇಡಿ. ಮುಚ್ಚಳ ಬಿಚ್ಚಿ ಬಿಸಿಲಿಗಿಡಿ, ಇಲ್ಲವೇ ಪಕ್ಕದಲ್ಲಿ ಹಳೆಯ 200 ವಾಟ್ ಬಲ್ಬು ಉರಿಸಿ ಒಣಗಿಸಿ ಮತ್ತೆ ಅಳೆಯಿರಿ. ಒಂದು ದಿನದ ಕೆಲಸ ಹೋಗಬಹುದು, ರೀವೈಂಡಿಂಗ್ ಖರ್ಚಿಗೆ ಹೋಲಿಸಿದರೆ ಅದು ಅಗ್ಗ. ವೇಗ ಬದಲಿಸುವ ಎಲೆಕ್ಟ್ರಾನಿಕ್ ಡ್ರೈವ್ ಇದ್ದರೆ ಮಾತ್ರ ಅದನ್ನು ಮೊದಲು ಕಳಚಬೇಕು. ಮೋಟರಿಗೆ ಪರೀಕ್ಷೆಯಾದ 500 ವೋಲ್ಟ್ ಡ್ರೈವಿಗೆ ಮರಣಶಾಸನ. ಆ ಡ್ರೈವಿನ ಕೆಪಾಸಿಟರುಗಳಲ್ಲಿ ಮೇನ್ ಆಫ್ ಆದ ಮೇಲೂ ಹಲವು ನಿಮಿಷ 500 ವೋಲ್ಟಿಗೂ ಮಿಕ್ಕಿ ಉಳಿದಿರುತ್ತದೆ, ಆದ್ದರಿಂದ ಕೈ ಹಾಕುವ ಮುಂಚೆ ಕಾಯಬೇಕು, ಅಳೆದೂ ನೋಡಬೇಕು.

ಮುಂದಿನದು ಸ್ಟಾರ್ಟರ್. ಅದರೊಳಗಿನ ಸ್ಕ್ರೂಗಳು ಯಂತ್ರದ ನಡುಕಕ್ಕೆ ಸಡಿಲವಾಗುತ್ತವೆ. ಸಡಿಲ ಜಾಗದ ಪ್ರತಿರೋಧ ಬರೀ 0.2 ಓಮ್ ಅಂದುಕೊಳ್ಳೋಣ. ಐದು ಎಚ್‌ಪಿ ಮೋಟರ್ ಓಡುವಾಗ ಎಳೆಯುವುದು ಸುಮಾರು 7.5 ಆಂಪಿಯರ್, ಅಲ್ಲಿ ಹುಟ್ಟುವ ಕಾವು 11 ವಾಟ್. ಹೊರಡುವ ಕ್ಷಣದಲ್ಲಿ ಕರೆಂಟ್ ಆರು ಪಟ್ಟು, ಕಾವು ಮೂವತ್ತಾರು ಪಟ್ಟು. ಸ್ಕ್ರೂ ತಲೆಯಷ್ಟು ಜಾಗದಲ್ಲಿ 400 ವಾಟ್! ಕರಿಗಟ್ಟಿದ ವೈರಿನ ತುದಿ ಕಂಡರೆ ಕಾರಣ ಇದೇ.

ಇನ್ನು ಅರ್ತ್. ಮೋಟರಿನ ಮೈಗೆ ಎರಡು ಬೇರೆ ಬೇರೆ ಅರ್ತ್ ವೈರ್ ಇರಬೇಕೆಂದು ನಮ್ಮ ದೇಶದ ನಿಯಮ. ಒಂದು ತುಕ್ಕು ಹಿಡಿದರೂ ಇನ್ನೊಂದು ಕಾಯಲಿ ಎಂದು. ವೈರ್ ಇದ್ದರಷ್ಟೇ ಸಾಲದು. ಲಾಲ್‌ಬಾಗಿನಲ್ಲಿ ತಲೆ ಎತ್ತಿರುವ ಸುಮಾರು 300 ಕೋಟಿ ವರ್ಷ ಹಳೆಯ ಬಂಡೆಯ ಜಾತಿಯ ಕಲ್ಲೇ ಈ ಊರಿನಡಿಯೂ ಹಾಸಿದೆ, ಕಲ್ಲು ಕರೆಂಟಿಗೆ ಸುಲಭಕ್ಕೆ ದಾರಿ ಬಿಡದು. ಅದಕ್ಕೇ ಅರ್ತ್ ಗುಂಡಿಗೆ ಇದ್ದಿಲು, ಉಪ್ಪು, ಆಗಾಗ ನೀರು. ಲೇತಿಗೆ ಸುರಿದ ಆ ಬಕೆಟ್ ನೀರನ್ನು ಇಲ್ಲಿಗೆ ಸುರಿದಿದ್ದರೆ ನಿಜವಾಗಿ ಪುಣ್ಯ ಬರುತ್ತಿತ್ತು.

ಇಷ್ಟಾದ ಮೇಲೆ ಫ್ಯೂಸ್ ವಾಪಸ್ ಹಾಕಿ, ಮೂರು ಫೇಸುಗಳನ್ನು ಎರಡೆರಡರಂತೆ ಎಲೆಕ್ಟ್ರಿಷಿಯನ್ ಅಳೆಯಬೇಕು. ಮೂರೂ ಸಲ 415ರ ಆಸುಪಾಸು ಬರಬೇಕು. ಒಂದು ಫೇಸ್ ಕೈಕೊಟ್ಟಿದ್ದರೆ ಮೋಟರ್ ತಿರುಗದೆ ಗುಂಯ್‌ಗುಡುತ್ತಾ ಒಳಗೇ ಬೇಯುತ್ತದೆ. ಬೀದಿಯ ಲೈನ್ ರಿಪೇರಿಯಲ್ಲಿ ಎರಡು ಫೇಸ್ ಅದಲುಬದಲಾಗಿದ್ದರೆ ವೋಲ್ಟೇಜ್ ಸರಿಯಾಗಿಯೇ ಇದ್ದು, ಮೋಟರ್ ಮಾತ್ರ ಹಿಂದುಮುಂದಾಗಿ ತಿರುಗುತ್ತದೆ. ಥ್ರೆಡ್ಡಿನ ಮೇಲೆ ತಿರುಗಿಸಿ ಕೂರಿಸಿದ ಹಳೆಯ ಚಕ್ ಹಾಗೆ ತಿರುಗಿದರೆ ತಾನೇ ಬಿಚ್ಚಿಕೊಂಡು ಕಳಚಿ ಬೀಳಬಹುದು.

ಹಾಗಾಗಿ ಚಕ್ಕಿನ ನೇರಕ್ಕೆ ನಿಲ್ಲದೆ ಪಕ್ಕಕ್ಕೆ ಸರಿದು, ಹಸಿರು ಬಟನ್ ಒತ್ತಿ ತಕ್ಷಣ ಕೆಂಪು. ಚಕ್ಕಿನ ಮೇಲ್ಭಾಗ ಕೆಲಸಗಾರ ನಿಲ್ಲುವ ಕಡೆಗೆ ಉರುಳಿ ಬಂದರೆ ಸರಿ. ಆಚೆಗೆ ಉರುಳಿದರೆ ಮತ್ತೆ ಮೇನ್ ಆಫ್, ಫ್ಯೂಸ್ ಜೇಬಿಗೆ, ಟೆಸ್ಟರ್ ಮೂರು ಸಲ. ಆಮೇಲೆ ಮೂರು ಫೇಸ್ ವೈರುಗಳಲ್ಲಿ ಯಾವುದಾದರೂ ಎರಡು ಅದಲುಬದಲು.