ಬಂಡೆಗೆ ಹೆಸರಿಡೋ ಹಕ್ಕು ಯಾರದು? ಸಾವನದುರ್ಗದ ‘ಬೆಳದಿಂಗಳು’, ಬಾದಾಮಿಯ ‘ಗಣೇಶ’ ಮತ್ತು ಓಬವ್ವನ ಕಿಂಡಿ

ಪಶ್ಚಿಮ ಬೆಂಗಳೂರಿನವರಿಗೆ ಬೆಟ್ಟ ದೂರ ಇಲ್ಲ. ವಿಜಯನಗರದ ಟೋಲ್‌ಗೇಟ್‌ನಿಂದ ಮಾಗಡಿ ರಸ್ತೆ ಹಿಡಿದು ಸುಂಕದಕಟ್ಟೆ, ತಾವರೆಕೆರೆ ದಾಟಿದರೆ ಸಾವನದುರ್ಗದ ಕಡೆ ಹೋಗ್ತೀರಿ. ಕೆಂಗೇರಿಯಿಂದ ಮೈಸೂರು ರಸ್ತೆಯಲ್ಲಿ ಬಿಡದಿ ದಾಟಿದರೆ ರಾಮನಗರ. ವಾರಾಂತ್ಯದಲ್ಲಿ ಈ ಎರಡೂ ರಸ್ತೆಗಳಲ್ಲಿ ಹಗ್ಗ, ಹೆಲ್ಮೆಟ್, ಸೀಮೆಸುಣ್ಣದ ಪುಡಿ ತುಂಬಿದ ಚೀಲ ಹೊತ್ತ ಹುಡುಗ ಹುಡುಗಿಯರು ಬಂಡೆ ಹತ್ತಲು ಹೋಗ್ತಿರ್ತಾರೆ. ಅವರ ಮಾತು ಕೇಳಿಸಿಕೊಂಡರೆ ಒಂದು ವಿಚಿತ್ರ ಗಮನಕ್ಕೆ ಬರುತ್ತೆ. ‘ಈ ಸಲ ಬೆಳದಿಂಗಳು ಮುಗಿಸಬೇಕು’ ಅಂತಾನೆ ಒಬ್ಬ. ‘ನಾನು ದೀಪಾವಳಿಯಲ್ಲೇ ಸಿಕ್ಕಿಹಾಕ್ಕೊಂಡೆ’ ಅಂತಾಳೆ ಇನ್ನೊಬ್ಬಳು. ಇದು ಚಂದ್ರನ ಮಾತೂ ಅಲ್ಲ, ಹಬ್ಬದ ಮಾತೂ ಅಲ್ಲ. ಬೆಳದಿಂಗಳು, ದೀಪಾವಳಿ ಎರಡೂ ಸಾವನದುರ್ಗದ ಬಂಡೆಯ ಮೇಲಿನ ದಾರಿಗಳು.

ದಾರಿ ಅಂದರೆ ಕಣ್ಣಿಗೆ ಕಾಣೋ ದಾರಿ ಅಂದುಕೊಳ್ಳಬೇಡಿ. ಅಲ್ಲಿ ಮೆಟ್ಟಿಲಿಲ್ಲ, ಬೋರ್ಡಿಲ್ಲ. ಬಂಡೆಯ ಮೇಲೆ ಕೆಳಗಿಂದ ಮೇಲಕ್ಕೆ ಕಲ್ಪಿಸಿಕೊಂಡ ಒಂದು ಗೆರೆ, ಅಲ್ಲಲ್ಲಿ ಕಲ್ಲು ಕೊರೆದು ಕೂರಿಸಿದ ಉಕ್ಕಿನ ಬೋಲ್ಟು, ಅಷ್ಟೇ. ಒಂದೇ ಬಂಡೆಯ ಮೇಲೆ ಹತ್ತಾರು ಗೆರೆಗಳಿದ್ದರೆ ಯಾವುದು ಸುಲಭ, ಯಾವುದು ಕಷ್ಟ, ಎಷ್ಟು ಉದ್ದದ ಹಗ್ಗ ಬೇಕು ಅಂತ ಒಬ್ಬರು ಇನ್ನೊಬ್ಬರಿಗೆ ಹೇಳಬೇಕಲ್ಲ? ಅದಕ್ಕೇ ಹೆಸರು. ರಾಜಾಜಿನಗರದಲ್ಲಿ ಬಸ್ ಇಳಿಯೋಕೆ ಯಾರೂ ಕಾರ್ಪೊರೇಷನ್ ದಾಖಲೆ ನೋಡಲ್ಲ, ‘ನವರಂಗ್’ ಅಂತಾರೆ. ಬಸವೇಶ್ವರನಗರದಲ್ಲಿ ‘ಪವಿತ್ರ ಪ್ಯಾರಡೈಸ್’ ಅಂದರೆ ಸಾಕು. ಬಳಸುವವರಿಗೆ ಅನುಕೂಲವಾದ ಹೆಸರೇ ಉಳಿಯುತ್ತೆ. ಬಂಡೆಯಲ್ಲಿ ಮಾತ್ರ ಇದಕ್ಕೊಂದು ಹೆಚ್ಚುವರಿ ನಿಯಮ ಇದೆ: ಮೊದಲು ಹತ್ತಿದವರಿಗೆ ಹೆಸರಿಡುವ ಹಕ್ಕು.

ನಿಯಮ ಸರಳವಾಗಿ ಕಾಣುತ್ತೆ, ಆದರೆ ‘ಮೊದಲು’ ಅಂದರೆ ಏನು ಅನ್ನೋದರಲ್ಲೇ ಜಗಳ ಇದೆ. ಫ್ರಾನ್ಸಿನ ಸೆಯೂಝ್‌ನಲ್ಲಿ 1989ರಲ್ಲಿ ಜಾನ್ ಕ್ರಿಸ್ತೋಫ್ ಲಫಾಯ್ ಒಂದು ಗೆರೆ ಗುರುತಿಸಿ ಬೋಲ್ಟ್ ಹೊಡೆದು ‘ಬಿಯೋಗ್ರಫಿ’ ಅಂತ ಹೆಸರಿಟ್ಟರು. ಪೂರ್ತಿ ಹತ್ತೋಕೆ ಅವರಿಂದ ಆಗಲಿಲ್ಲ. 2001ರಲ್ಲಿ ಅಮೆರಿಕದ ಕ್ರಿಸ್ ಶರ್ಮಾ ಅದನ್ನು ಪೂರ್ತಿ ಹತ್ತಿ ‘ರಿಯಲೈಸೇಷನ್’ ಅಂತ ಕರೆದರು. ಫ್ರೆಂಚರ ಪದ್ಧತಿಯಲ್ಲಿ ಬೋಲ್ಟ್ ಹೊಡೆದವರಿಗೆ ಹೆಸರಿನ ಹಕ್ಕು, ಅಮೆರಿಕನ್ನರಲ್ಲಿ ಮೊದಲು ಹತ್ತಿದವರಿಗೆ. ಬಿಸಿಲಲ್ಲಿ ಹಗ್ಗಕ್ಕೆ ನೇತಾಡಿ ಕಲ್ಲು ಕೊರೆದವರ ಹೆಸರು ಉಳಿಯಬೇಕೋ, ಕೊನೆಗೆ ಗೆದ್ದವರದ್ದೋ? ಫ್ಲೈಓವರ್ ಉದ್ಘಾಟನೆಯ ಕಲ್ಲಿನ ಮೇಲೆ ಯಾರ ಹೆಸರಿರುತ್ತೆ ಅಂತ ನೋಡಿದವರಿಗೆ ಈ ಪ್ರಶ್ನೆ ಹೊಸದೇನಲ್ಲ. ಈಗ ಬಹುಪಾಲು ಜನ ಅದನ್ನು ಬಿಯೋಗ್ರಫಿ ಅಂತಲೇ ಕರೀತಾರೆ. ಕೊರೆದವರು ಗೆದ್ದ ಅಪರೂಪದ ಪ್ರಕರಣ ಅನ್ನಿ. ಇದೇ ಶರ್ಮಾ ಹಂಪಿಗೂ ಬಂದರು, 2003ರ ‘ಪಿಲ್‌ಗ್ರಿಮೇಜ್’ ಅನ್ನೋ ಚಿತ್ರದಲ್ಲಿ ಇಲ್ಲಿನ ಗುಂಡುಗಳನ್ನು ಹತ್ತಿದರು. ಹಂಪಿ ಜಗತ್ತಿನ ಕ್ಲೈಂಬರ್‌ಗಳ ನಕ್ಷೆಗೆ ಬಂದದ್ದರಲ್ಲಿ ಆ ಚಿತ್ರದ ಪಾಲು ದೊಡ್ಡದು.

ಹೆಸರುಗಳ ಮೂಲ ಏನು ಬೇಕಾದರೂ ಆಗಬಹುದು. ಯೊಸೆಮಿಟಿಯ ‘ಸೆಪರೇಟ್ ರಿಯಾಲಿಟಿ’ ಕಾರ್ಲೋಸ್ ಕಾಸ್ಟನೇಡಾ ಅವರ ಪುಸ್ತಕದ ಹೆಸರು. ಸಿನಿಮಾ, ಹಾಡು, ತಿಂಡಿ, ಕೈಕೊಟ್ಟ ಪ್ರೇಮ, ಮುರಿದ ಮೂಳೆ, ಗೆಳೆಯರಿಗೆ ಮಾತ್ರ ಅರ್ಥವಾಗುವ ಪೋಲಿ ಜೋಕು ಎಲ್ಲ ನಡೆಯುತ್ತೆ. ಒಂದು ಬಂಡೆಗೆ ಯಾವುದೋ ಥೀಮಿನ ಹೆಸರು ಬಿದ್ದರೆ ಅಕ್ಕಪಕ್ಕದ ಗೆರೆಗಳೂ ಅದೇ ಧಾಟಿಯಲ್ಲಿ ಸಾಗುತ್ತವೆ, ಹಾಸ್ಟೆಲ್ ಅಡ್ಡಹೆಸರುಗಳ ಥರ. ಇದರ ಕೆಟ್ಟ ಮುಖ 2020ರಲ್ಲಿ ಹೊರಬಂತು. ಅಮೆರಿಕದ ವೈಯೋಮಿಂಗ್‌ನ ಟೆನ್‌ಸ್ಲೀಪ್ ಕಣಿವೆಯಲ್ಲಿ ಒಂದು ಬಂಡೆಗೆ ‘ಸ್ಲೇವರಿ ವಾಲ್’ ಅಂತ ಹೆಸರಿತ್ತು, ಅಂದರೆ ಗುಲಾಮಗಿರಿಯ ಗೋಡೆ. ಅಲ್ಲಿನ ದಾರಿಗಳ ಹೆಸರುಗಳೂ ಅದೇ ‘ತಮಾಷೆ’ಯ ಮುಂದುವರಿಕೆ. ಕಪ್ಪು ಜನರ ಜೀವದ ಪ್ರಶ್ನೆ ಬೀದಿಗೆ ಬಂದ ಆ ವರ್ಷ ಕ್ಲೈಂಬರ್‌ಗಳಿಗೂ ಬಿಸಿ ತಟ್ಟಿತು, ಹೆಸರು ಬದಲಾಯಿತು. ಆ ಹೆಸರುಗಳನ್ನು ಇಟ್ಟವರು ಬಹುತೇಕ ಬಿಳಿ ಗಂಡಸರು, ನಗುತ್ತಿದ್ದವರೂ ಅವರೇ. ಹೆಸರಿಡುವ ಗುಂಪಿನಲ್ಲಿ ಯಾರಿಲ್ಲವೋ ಅವರೇ ಜೋಕಿನ ವಸ್ತು ಆಗ್ತಾರೆ.

ಈಗ ನಮ್ಮ ಬಂಡೆಗೆ ಬರೋಣ. ರಾಮನಗರದ ಬೆಟ್ಟಗಳ ಮೇಲೆ ಹೆಸರಿನ ಪದರಗಳೇ ಇವೆ. ದೇವರ ಹೆಸರು: ರಾಮದೇವರ ಬೆಟ್ಟ. ಊರಿಗೆ ಟಿಪ್ಪು ಕಾಲದಲ್ಲಿ ಶಂಶೇರಾಬಾದ್ ಅಂತಿತ್ತು. ನಂತರ ಮೈಸೂರಿನ ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸ್ ಹೆಸರಲ್ಲಿ ಕ್ಲೋಸ್‌ಪೇಟೆ ಆಯ್ತು, ಆಮೇಲೆ ರಾಮನಗರ. 1975ರಲ್ಲಿ ‘ಶೋಲೆ’ ತೆರೆಗೆ ಬಂದಮೇಲೆ ದೇಶಕ್ಕೆಲ್ಲ ಇದು ರಾಮಗಢ. ನಿರ್ದೇಶಕ ರಮೇಶ್ ಸಿಪ್ಪಿ ನೆನಪಿಗೆ ಒಂದು ಜಾಗ ಸಿಪ್ಪಿನಗರವೂ ಆಯ್ತು. 2007ರಲ್ಲಿ ರಾಮನಗರ ಜಿಲ್ಲೆಯಾಯಿತು, 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಅಂತ ಮರುನಾಮಕರಣ ಮಾಡಲು ಸಂಪುಟ ಒಪ್ಪಿತು. ರಿಯಲ್ ಎಸ್ಟೇಟ್ ಲೆಕ್ಕ ಎಲ್ಲರಿಗೂ ಗೊತ್ತಿದ್ದದ್ದೇ, ಬಿಡಿ.

ಇಷ್ಟೆಲ್ಲ ಬದಲಾದರೂ ಕಲ್ಲಿನ ಹೆಸರು ಮಾತ್ರ ಬದಲಾಗಿಲ್ಲ. ಭೂವಿಜ್ಞಾನದ ಪುಸ್ತಕ ತೆಗೆದರೆ ಇದು ಇಂದಿಗೂ ‘ಕ್ಲೋಸ್‌ಪೇಟ್ ಗ್ರಾನೈಟ್’. ಸುಮಾರು 250 ಕೋಟಿ ವರ್ಷ ಹಳೆಯ ಶಿಲೆ, ರಾಮನಗರದ ಆಚೆಯಿಂದ ಉತ್ತರಕ್ಕೆ ಸುಮಾರು 400 ಕಿಲೋಮೀಟರ್ ಉದ್ದಕ್ಕೆ ಪಟ್ಟಿಯಂತೆ ಚಾಚಿಕೊಂಡಿದೆ. ಊರಿನವರು ಬಿಟ್ಟುಕೊಟ್ಟ ಹೆಸರನ್ನು ಬಂಡೆ ಹೊತ್ತುಕೊಂಡಿದೆ. ವಿಜ್ಞಾನದಲ್ಲೂ ಮೊದಲು ಪ್ರಕಟಿಸಿದವರ ಹೆಸರೇ ಉಳಿಯೋದು ರೂಢಿ.

ಸಾವನದುರ್ಗದಲ್ಲಿ ಕಥೆ ಬೇರೆ. ಸಮುದ್ರ ಮಟ್ಟದಿಂದ 1226 ಮೀಟರ್ ಎತ್ತರದ ಈ ಬೆಟ್ಟದ ಎರಡು ಭಾಗಗಳಿಗೆ ಸ್ಥಳೀಯರು ಇಟ್ಟ ಹೆಸರು ಕರಿಗುಡ್ಡ, ಬಿಳಿಗುಡ್ಡ. ಅಲ್ಲಿ ಯಾರ ಸಾಧನೆಯೂ ಇಲ್ಲ, ದೂರದಿಂದ ನೋಡಿದರೆ ಬಣ್ಣದಿಂದಲೇ ಗುರುತು ಸಿಗುತ್ತೆ, ಅಷ್ಟೇ. ಬುಡದಲ್ಲಿ ವೀರಭದ್ರ, ನರಸಿಂಹನ ಗುಡಿಗಳು, ಮೇಲೆ ಕೋಟೆ ಗೋಡೆ, ನಂದಿ ಮಂಟಪ. 1791ರ ಡಿಸೆಂಬರ್‌ನಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ಲಗ್ಗೆ ಹಾಕಿ ಹಿಡಿದ ದುರ್ಗ ಇದು. ಗೋಡೆ ಕಟ್ಟಲು ಕಲ್ಲು ಹೊತ್ತವರು, ಕಾವಲು ಕಾದವರು, ಮೇಕೆ ಹಿಂದೆ ಹೋದವರು ನೂರಾರು ವರ್ಷ ಈ ಬೆಟ್ಟ ಹತ್ತಿ ಇಳಿದಿದ್ದಾರೆ. ಇಂಥ ಜಾಗದಲ್ಲಿ ‘ಮೊದಲ ಆರೋಹಣ’ ಅಂದಾಗ ಸ್ವಲ್ಪ ನಗು ಬರೋದು ಸಹಜ.

ಕ್ಲೈಂಬರ್‌ಗಳ ಉತ್ತರವನ್ನೂ ಕೇಳಬೇಕು. ನಾವು ಬೆಟ್ಟಕ್ಕೆ ಹೆಸರಿಡ್ತಿಲ್ಲ, ಈ ಒಂದು ಗೆರೆಗೆ ಇಡ್ತಿದ್ದೀವಿ, ಈ ಕಡಿದಾದ ಹಾಸುಬಂಡೆಯಲ್ಲಿ ಹಗ್ಗ, ಬೋಲ್ಟು ಇಲ್ಲದೆ ಯಾರೂ ಹೋಗಿರಲಿಕ್ಕಿಲ್ಲ ಅನ್ನೋದು ಅವರ ವಾದ. ಬಹುಪಾಲು ನಿಜ. ಜೊತೆಗೆ ‘ಬೆಳದಿಂಗಳು’ ಅನ್ನೋದು ಬಿಳಿಗುಡ್ಡ ಇರೋ ಊರಿಗೆ ಎಷ್ಟು ಚೆನ್ನಾಗಿ ಹೊಂದುತ್ತೆ ನೋಡಿ. ಬಾದಾಮಿಯ ಕೆಂಪು ಮರಳುಗಲ್ಲಿನ ಮೇಲೆ ದೇಶದ ಅತಿ ಕಠಿಣ ದಾರಿಗಳ ಸಾಲಲ್ಲಿ ನಿಲ್ಲುವ 8ಬಿ+ ದರ್ಜೆಯ ದಾರಿಯೊಂದಿದೆ, ಅದರ ಹೆಸರು ‘ಗಣೇಶ’. ವಾತಾಪಿ ಗಣಪತಿಯ ಊರಲ್ಲಿ ಹೊರಗಿನವರ ಕಿವಿಗೂ ಅದು ಹೊರಗಿನ ಹೆಸರು ಅನ್ನಿಸಲ್ಲ. ಆದರೆ ‘ಹೋಗಿರಲಿಕ್ಕಿಲ್ಲ’ ಅನ್ನೋದಕ್ಕೂ ‘ಹೋಗಿಲ್ಲ’ ಅನ್ನೋದಕ್ಕೂ ವ್ಯತ್ಯಾಸ ಇದೆ. ಹೋದವರು ಬರೆದಿಡಲಿಲ್ಲ ಅಂದರೆ ಅವರು ಲೆಕ್ಕಕ್ಕಿಲ್ಲ ಅನ್ನೋದು ಈ ನಿಯಮದ ಒಳಗೆ ಅಡಗಿರೋ ಷರತ್ತು.

ಕನ್ನಡ ನಾಡಿನ ಅತಿ ಪ್ರಸಿದ್ಧ ಬಂಡೆ ದಾರಿ ಈ ನಿಯಮವನ್ನೇ ತಲೆಕೆಳಗು ಮಾಡುತ್ತೆ. ಚಿತ್ರದುರ್ಗದ ಕೋಟೆಯಲ್ಲಿ ಒಬ್ಬರು ಮಾತ್ರ ನುಸುಳಬಹುದಾದ ಒಂದು ಸಂದಿ ಇದೆ. ಹೈದರಾಲಿ ಮುತ್ತಿಗೆ ಹಾಕಿದ್ದಾಗ ಯಾರೋ ಒಬ್ಬರು ಅದರ ಮೂಲಕ ಒಳಹೋಗಿದ್ದನ್ನು ಶತ್ರು ಪಾಳೆಯ ನೋಡಿತು ಅಂತ ಕಥೆ. ಅದೇ ದಾರಿಯಲ್ಲಿ ಸೈನಿಕರು ತೆವಳಿ ಬಂದರು. ಕಾವಲಿನ ಕಹಳೆ ಮುದ್ದ ಹನುಮ ಊಟಕ್ಕೆ ಹೋಗಿದ್ದ, ನೀರಿಗೆ ಬಂದ ಅವನ ಹೆಂಡತಿ ಓಬವ್ವ ಸದ್ದು ಕೇಳಿ ಒನಕೆ ಹಿಡಿದು ನಿಂತಳು. ತಲೆ ಹಾಕಿದವರನ್ನೆಲ್ಲ ಒಬ್ಬೊಬ್ಬರಾಗಿ ಬಡಿದಳು. ಇಂದು ಆ ಸಂದಿಯ ಹೆಸರು ಒನಕೆ ಓಬವ್ವನ ಕಿಂಡಿ.

ಕ್ಲೈಂಬಿಂಗ್ ನಿಯಮದ ಪ್ರಕಾರ ಅದಕ್ಕೆ ಮೊದಲು ನುಸುಳಿದ ಸೈನಿಕನ ಹೆಸರು ಬರಬೇಕಿತ್ತು. ಬಂದದ್ದು ದಾರಿ ತಡೆದವಳ ಹೆಸರು, ಅದೂ ಛಲವಾದಿ ಸಮುದಾಯದ ಒಬ್ಬ ಹೆಣ್ಣುಮಗಳದ್ದು. ದೊರೆಗಳು ಇಟ್ಟ ಹೆಸರಲ್ಲ, ಜನ ಇಟ್ಟಿದ್ದು. 1972ರ ‘ನಾಗರಹಾವು’ ಬಂದಮೇಲೆ ಓಬವ್ವ ಅಂದರೆ ಜಯಂತಿಯವರ ಮುಖ ನೆನಪಾಗೋ ಹಾಗಾಯ್ತು. ಸರ್ಕಾರ ನವೆಂಬರ್ 11ನ್ನು ಓಬವ್ವ ಜಯಂತಿ ಅಂತ ಆಚರಿಸಲು ಶುರು ಮಾಡಿದ್ದು 2021ರಲ್ಲಿ. ಕಿಂಡಿ ಅದಕ್ಕೂ ಎಷ್ಟೋ ಮೊದಲೇ ಅವಳದಾಗಿತ್ತು. ಇನ್ನೊಂದು ಮಾತು: ಆ ಸಂದಿಯಿಂದ ಒಳಹೋದ ‘ಯಾರೋ ಒಬ್ಬರು’ ಇದ್ದರಲ್ಲ, ನಿಜವಾಗಿ ದಾರಿ ಗೊತ್ತಿದ್ದವರು ಅವರು. ಅವರಿಗೆ ಹೆಸರೇ ಇಲ್ಲ.

ಇದೆಲ್ಲ ವಾರಾಂತ್ಯದ ಹವ್ಯಾಸದ ಮಾತು, ರಾಜಕೀಯ ಎಲ್ಲಿಂದ ಬಂತು ಅಂತೀರಾ? ಪಹಣಿ ತೆಗೆದು ನೋಡಿ. ಬಂಡೆ ಇರೋ ಜಮೀನಿಗೆ ಕಂದಾಯ ಇಲಾಖೆಯ ಪದ ‘ಖರಾಬು’. ಬೆಳೆ ಬರಲ್ಲ, ಆದ್ದರಿಂದ ಕೆಟ್ಟದ್ದು. ಕ್ವಾರಿಯವರಿಗೆ ಅದು ಇಷ್ಟು ಘನ ಮೀಟರ್ ಜಲ್ಲಿ. ಹೆಸರಿಲ್ಲದ ಬಂಡೆಯನ್ನು ಪುಡಿ ಮಾಡೋದು ಸುಲಭ, ಕೇಳೋರು ಇರಲ್ಲ. ಕೆಂಗೇರಿಯಿಂದ ಸ್ವಲ್ಪ ದೂರದ ತುರಹಳ್ಳಿ ಕಾಡಿನ ಗುಂಡುಗಳ ಮೇಲೆ ಬೆಂಗಳೂರಿನ ಎಷ್ಟೋ ಕ್ಲೈಂಬರ್‌ಗಳು ಬೆರಳು ಸವೆಸಿದ್ದಾರೆ. 2021ರ ಆರಂಭದಲ್ಲಿ ಅಲ್ಲಿ ‘ಟ್ರೀ ಪಾರ್ಕ್’ ಮಾಡಲು ಹೊರಟಾಗ ಸುತ್ತಲಿನ ಜನ ಬೀದಿಗಿಳಿದರು, ಸರ್ಕಾರ ಹಿಂದೆ ಸರಿಯಿತು. ಒಂದು ಜಾಗದ ಮೂಲೆ ಮೂಲೆ ಗೊತ್ತಿರೋರು ಇದ್ದರೆ ಅದಕ್ಕೊಂದು ದನಿ ಇರುತ್ತೆ.

ಅದೇ ಕಾರಣಕ್ಕೆ ಕ್ಲೈಂಬರ್‌ಗಳಿಂದ ಸ್ವಲ್ಪ ಜಾಸ್ತಿ ನಿರೀಕ್ಷೆ ಮಾಡೋದು ತಪ್ಪಲ್ಲ. ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಅಭಯಧಾಮ. ಉದ್ದ ಕೊಕ್ಕಿನ ರಣಹದ್ದು ಗೂಡು ಕಟ್ಟೋದು ಕಡಿದಾದ ಬಂಡೆಯ ಚಾಚಿನ ಮೇಲೆ, ಕ್ಲೈಂಬರ್ ಕೂಡ ಹುಡುಕೋದು ಅಂಥದ್ದೇ ಬಂಡೆಯನ್ನ. ಅಲ್ಲಿ ಹೊಸ ಹೆಸರಿಗಿಂತ ಹತ್ತದೇ ಇರೋದೇ ಮುಖ್ಯ. ಬೇರೆ ಕಡೆ ದಾರಿಗಳ ನಕ್ಷೆ, ಆ್ಯಪ್ ಎಲ್ಲ ಇಂಗ್ಲಿಷಿನಲ್ಲಿವೆ, ಕನ್ನಡದ ‘ಬೆಳದಿಂಗಳು’ ಕೂಡ ಅಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಕೂತಿದೆ. ಬುಡದ ಹಳ್ಳಿಯವರು ಆ ಬಂಡೆಯನ್ನು, ಪಕ್ಕದ ಗವಿಯನ್ನು, ನೀರು ನಿಲ್ಲೋ ದೊಣೆಯನ್ನು ಏನಂತ ಕರೀತಾರೆ ಅನ್ನೋದಕ್ಕೆ ನಕ್ಷೆಯಲ್ಲಿ ಒಂದು ಸಾಲು ಜಾಗ ಸಾಕು. ಟೀ ಕುಡಿಯೋಕೆ ಹೇಗೂ ಆ ಹಳ್ಳಿಯಲ್ಲೇ ಗಾಡಿ ನಿಲ್ಲಿಸ್ತೀರಿ, ಕೇಳಿ ಬರಕೊಂಡು ಬನ್ನಿ.