ಕೋಣದ ಪರ ಹಾಜರು ಯಾರು?

ಮೂಡುಬಿದಿರೆಯ ಕಡಲಕೆರೆಯಲ್ಲಿ ಕೋಟಿ-ಚೆನ್ನಯ ಜೋಡುಕರೆ ಕಂಬಳ ನಡೆಯುವಾಗ ಜನ ಕರೆಯ ಎರಡೂ ಬದಿ ಕಿಕ್ಕಿರಿದು ನಿಲ್ಲುತ್ತಾರೆ. ನಾನು ನಿಲ್ಲುವುದು ಮಂಜೊಟ್ಟಿಯ ಆಚೆ, ಓಟ ಮುಗಿಸಿದ ಕೋಣಗಳು ಏರಿ ಬರುವ ಕಡೆ. ಓಟ ಶುರುವಾಗುವ ಗಂತಿನಲ್ಲಿ ಬಿಟ್ಟ ಜೋಡಿ ಕೆಸರುನೀರು ಸೀಳಿಕೊಂಡು ಹದಿಮೂರು ಹದಿನಾಲ್ಕು ಸೆಕೆಂಡಿನಲ್ಲಿ ಮೇಲೆ ಬಂದುಬಿಡುತ್ತದೆ. ಮೂಗಿನ ಹೊಳ್ಳೆ ಅರಳಿರುತ್ತದೆ, ಪಕ್ಕೆ ತಿದಿಯ ಹಾಗೆ ಏರಿಳಿಯುತ್ತಿರುತ್ತದೆ. ಕೋಣಕ್ಕೆ ದನಕ್ಕಿಂತ ಬೆವರಿನ ಗ್ರಂಥಿಗಳು ತೀರಾ ಕಡಿಮೆ, ಮೇಲಾಗಿ ಕರಿಯ ಚರ್ಮ. ಮೈಯ ಬಿಸಿ ಇಳಿಯಬೇಕಾದರೆ ನೀರೇ ಗತಿ. ಕೊಡಪಾನ ಹಿಡಿದವರು ಓಡಿ ಬರುತ್ತಾರೆ. ಒಮ್ಮೆ ಒಬ್ಬಾತ ತನ್ನ ಬೈರಾಸಿನ ತುದಿಯಿಂದ ಕೋಣದ ಕಣ್ಣಂಚಿನ ಕೆಸರನ್ನು ಒರೆಸಿದ್ದು ಕಂಡೆ, ಮಗುವಿನ ಮುಖ ಒರೆಸುವಷ್ಟು ನಾಜೂಕಾಗಿ. ಅದೇ ಕೋಣದ ಬೆನ್ನಿನ ಮೇಲೆ ಬೆತ್ತದ ಗೆರೆಯೂ ಇತ್ತು. ಈ ಎರಡನ್ನೂ ಒಟ್ಟಿಗೆ ನೋಡಿದ ದಿನದಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ: ಕಾನೂನಿನ ಕಣ್ಣಿಗೆ ಈ ಜೀವ ಏನು?

ಹಳೆಯ ಉತ್ತರ 1860ರ ಭಾರತೀಯ ದಂಡಸಂಹಿತೆಯಲ್ಲಿದೆ. ಅದರ 429ನೇ ಕಲಮು ಆನೆ, ಒಂಟೆ, ಕುದುರೆ, ಎತ್ತುಗಳ ಸಾಲಿನಲ್ಲೇ ಕೋಣ-ಎಮ್ಮೆಯನ್ನೂ ಹೆಸರಿಸಿ, ಅವನ್ನು ಕೊಲ್ಲುವುದು, ಊನಗೊಳಿಸುವುದು ಅಪರಾಧವೆಂದಿತು. ಆದರೆ ಆ ಕಲಮು ಇದ್ದದ್ದು ಆಸ್ತಿಗೆ ಸಂಬಂಧಿಸಿದ ಅಪರಾಧಗಳ ಅಧ್ಯಾಯದಲ್ಲಿ. ಸತ್ತದ್ದು ಕೋಣ, ನಷ್ಟವಾದದ್ದು ಯಜಮಾನನಿಗೆ. ನೋವು ಪ್ರಾಣಿಯದೇ ಎಂದು ಸ್ವತಂತ್ರ ಭಾರತ ಲೆಕ್ಕಕ್ಕೆ ಹಿಡಿದದ್ದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ. ಅದಕ್ಕಾಗಿ ರಾಜ್ಯಸಭೆಯಲ್ಲಿ ಪಟ್ಟು ಹಿಡಿದವರು ನೃತ್ಯಗಾರ್ತಿ ರುಕ್ಮಿಣೀದೇವಿ ಅರುಂಡೇಲ್. ಆ ಕಾಯ್ದೆ ಮೊದಲ ತಪ್ಪಿಗೆ ಗೊತ್ತುಮಾಡಿದ ದಂಡ ಹತ್ತರಿಂದ ಐವತ್ತು ರೂಪಾಯಿ. ಅದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಮನುಷ್ಯನಲ್ಲದ್ದನ್ನೂ ಕಾನೂನು ‘ವ್ಯಕ್ತಿ’ ಎಂದು ಒಪ್ಪಬಹುದು ಎಂಬ ದಾರಿ ನಮ್ಮ ದೇಶದಲ್ಲಿ ದೇವರ ಮೂಲಕ ತೆರೆದುಕೊಂಡಿತ್ತು. ಕಲ್ಕತ್ತೆಯ ಮಲ್ಲಿಕ್ ಮನೆತನದಲ್ಲಿ ಕುಲದೇವರ ಪೂಜೆ ಸರದಿಯ ಮೇಲೆ ನಡೆಯುತ್ತಿತ್ತು. ತನ್ನ ಸರದಿ ಬಂದಾಗ ವಿಗ್ರಹವನ್ನು ತನ್ನ ಮನೆಗೆ ಒಯ್ಯಬಹುದೇ, ಕೂಡದೇ ಎಂಬ ಜಗಳ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೂ ಹೋಯಿತು. 1925ರಲ್ಲಿ ಬಂದ ತೀರ್ಪು ಇಂದು ಓದಿದರೂ ಮೈ ಜುಮ್ಮೆನ್ನುತ್ತದೆ. ವಿಗ್ರಹ ಯಾರೋ ಎತ್ತಿಕೊಂಡು ಹೋಗುವ ಚರಾಸ್ತಿಯಲ್ಲ, ಅದು ಕಾನೂನಿನ ವ್ಯಕ್ತಿ, ಎಲ್ಲಿರಬೇಕೆಂಬ ವಿಷಯದಲ್ಲಿ ಅದರ ಇಚ್ಛೆಗೆ ಬೆಲೆ ಕೊಡಬೇಕು ಎಂದರು ನ್ಯಾಯಾಧೀಶರು. ಅಷ್ಟಕ್ಕೇ ನಿಲ್ಲಲಿಲ್ಲ. ಜಗಳದಲ್ಲಿರುವ ಯಾರೂ ದೇವರ ಪರ ಮಾತಾಡುವುದು ಸಲ್ಲದು, ಇದರಲ್ಲಿ ಲಾಭವೂ ನಷ್ಟವೂ ಇಲ್ಲದ ಒಬ್ಬನನ್ನು ದೇವರ ‘ಹಿತೈಷಿ ಮಿತ್ರ’ನಾಗಿ ನೇಮಿಸಿ ಮತ್ತೆ ವಿಚಾರಣೆ ನಡೆಸಿ ಎಂದು ಮೊಕದ್ದಮೆಯನ್ನು ಕೆಳಕ್ಕೆ ಕಳಿಸಿದರು. ನಿಜವಾದ ಆವಿಷ್ಕಾರ ಇದೇ ಎಂಬುದು ನನ್ನ ನಂಬಿಕೆ. ವ್ಯಕ್ತಿ ಎಂದು ಕರೆಯುವುದು ಸುಲಭ. ಬಾಯಿಲ್ಲದವರಿಗೆ ಬಾಯಿ ಯಾರು ಎಂದು ಗೊತ್ತುಮಾಡಿದ್ದು ದೊಡ್ಡದು.

ತುಳುನಾಡಿನವರಿಗೆ ಇದರಲ್ಲಿ ಹೊಸತೇನೂ ಕಾಣದು. ದೈವದ ಹೆಸರಿನಲ್ಲಿ ಗದ್ದೆ ಬಿಡುವುದು ನಮ್ಮ ಗುತ್ತುಮನೆಗಳಲ್ಲಿ ಹಿಂದಿನಿಂದ ಬಂದದ್ದು. ಆ ದೈವಗಳಲ್ಲಿ ಪಂಜುರ್ಲಿ ಹಂದಿ, ಪಿಲಿಚಾಮುಂಡಿ ಹುಲಿ, ಮೈಸಂದಾಯ ಕೋಣ. ನೇಮದ ರಾತ್ರಿ ಅವು ನುಡಿ ಕೊಡುತ್ತವೆ, ಜಾಗದ ತಕರಾರು ಕೇಳುತ್ತವೆ, ತೀರ್ಮಾನ ಹೇಳುತ್ತವೆ. ಕೈಕಟ್ಟಿ ನಿಂತು ಕೇಳುವವರು ನಾವು. ಬೆಳಗಾದ ಮೇಲೆ ಹಟ್ಟಿಯಲ್ಲಿರುವ ಕೋಣ ಮಾತ್ರ ನ್ಯಾಯಸ್ಥಾನದ ಮಟ್ಟಿಗೆ ಮೂಗಜೀವ.

ಅದಕ್ಕೊಂದು ದನಿ ಸಿಕ್ಕೀತು ಎಂಬ ಆಸೆ ಹುಟ್ಟಿದ್ದು 2014ರ ಮೇ 7ರಂದು. ಜಲ್ಲಿಕಟ್ಟು, ಎತ್ತಿನಗಾಡಿ ಓಟಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಕೆ.ಎಸ್. ರಾಧಾಕೃಷ್ಣನ್, ಪಿನಾಕಿ ಚಂದ್ರ ಘೋಷ್ ಅವರು ಸಂವಿಧಾನದ 21ನೇ ವಿಧಿಯಲ್ಲಿರುವ ‘ಜೀವ’ ಎಂಬ ಮಾತಿನೊಳಗೆ ಪ್ರಾಣಿಜೀವವನ್ನೂ ಕಂಡರು. 1976ರಲ್ಲಿ ಸಂವಿಧಾನಕ್ಕೆ ಸೇರಿದ ಭೂತದಯೆಯ ಕರ್ತವ್ಯವನ್ನು ಅದರ ಜೊತೆ ಹೆಣೆದರು. ಜಗತ್ತು ಒಪ್ಪಿದ ಪಂಚಸ್ವಾತಂತ್ರ್ಯಗಳನ್ನೂ ತಂದರು: ಹಸಿವು, ಅನನುಕೂಲ, ನೋವು, ಭಯ ಇವುಗಳಿಂದ ಬಿಡುಗಡೆ, ತನ್ನ ಸಹಜ ನಡೆಯಂತೆ ಬದುಕುವ ಅವಕಾಶ. ಇವುಗಳ ಬೇರು ಬ್ರಿಟನ್ನಿನ ಬ್ರ್ಯಾಂಬೆಲ್ ಸಮಿತಿಯ 1965ರ ವರದಿಯಲ್ಲಿದೆ. ಏಳಲು, ಮಲಗಲು, ತಿರುಗಲು, ಮೈ ನೆಕ್ಕಿಕೊಳ್ಳಲು, ಕೈಕಾಲು ಚಾಚಲು ಜಾಗ ಇರಬೇಕು ಎಂದಷ್ಟೇ ಅದು ಕೇಳಿತ್ತು. ಇಷ್ಟು ಕೇಳಲೂ ಒಂದು ಸಮಿತಿ ಬೇಕಾಯಿತು.

ಆ ತೀರ್ಪಿನ ಅಲೆ ನಮ್ಮ ಕರೆಗೂ ಬಂತು. 2016ರ ನವೆಂಬರಿನಲ್ಲಿ ಕರ್ನಾಟಕ ಹೈಕೋರ್ಟ್ ಕಂಬಳಕ್ಕೆ ಮಧ್ಯಂತರ ತಡೆ ಕೊಟ್ಟಿತು. ಅದೇ ತಿಂಗಳು ಅರ್ಜೆಂಟೀನಾದ ಮೆಂಡೋಜಾದಲ್ಲಿ ನ್ಯಾಯಾಧೀಶೆಯೊಬ್ಬರು ಸೆಸಿಲಿಯಾ ಎಂಬ ಚಿಂಪಾಂಜಿಯನ್ನು ಹಕ್ಕುಳ್ಳ ವ್ಯಕ್ತಿಯೆಂದು ಒಪ್ಪಿ ಮೃಗಾಲಯದಿಂದ ಬಿಡಿಸಿದರು. ಇಲ್ಲಿ 2017ರ ಜನವರಿಯಲ್ಲಿ ಮೂಡುಬಿದಿರೆಯ ಬೀದಿಗೆ ಜನ ಕೋಣಗಳ ಸಮೇತ ಇಳಿದರು. ಅದೇ ವರ್ಷ ರಾಜ್ಯ ಸರಕಾರ ಪ್ರಾಣಿಹಿಂಸೆ ತಡೆ ಕಾಯ್ದೆಗೆ ತಿದ್ದುಪಡಿ ತಂದು ಕಂಬಳವನ್ನು ಉಳಿಸಿತು. ಬಂಟ್ವಾಳದ ಮೂಡೂರು-ಪಡೂರು, ವೇಣೂರಿನ ಸೂರ್ಯ-ಚಂದ್ರ ಕರೆಗಳಲ್ಲಿ ಮತ್ತೆ ನೀರು ನಿಂತಿತು. ನನಗೂ ಸಂತೋಷವಾಯಿತು, ಸುಳ್ಳು ಹೇಳಲಾರೆ. ಕೋಣ ಸಾಕುವ ಮನೆ ಉಳಿದಿರುವುದೇ ಕಂಬಳದಿಂದ. ಟಿಲ್ಲರು ಬಂದ ಮೇಲೆ ಗದ್ದೆಗೆ ಕೋಣ ಬೇಡವಾಯಿತಲ್ಲ.

2018ರ ಜುಲೈ 4ರಂದು ಉತ್ತರಾಖಂಡ ಹೈಕೋರ್ಟ್ ಇನ್ನೂ ದೂರ ನಡೆಯಿತು. ಅಲ್ಲಿ ಅರ್ಜಿ ಬಂದಿದ್ದದ್ದು ಬನ್‌ಬಸಾದಿಂದ ನೇಪಾಳದ ಗಡಿ ದಾಟುವ ಕುದುರೆಗಾಡಿಗಳ ಬಗ್ಗೆ. ನ್ಯಾಯಾಲಯ ಹಕ್ಕಿ, ಮೀನು ಸೇರಿ ಇಡೀ ಪ್ರಾಣಿಕುಲವನ್ನೇ ಕಾನೂನಿನ ವ್ಯಕ್ತಿ ಎಂದು ಸಾರಿ, ರಾಜ್ಯದ ನಾಗರಿಕರೆಲ್ಲ ಅವುಗಳಿಗೆ ತಂದೆತಾಯಿಯ ಸ್ಥಾನದಲ್ಲಿದ್ದಾರೆ ಎಂದಿತು. ಮರುವರ್ಷ ಪಂಜಾಬ್-ಹರಿಯಾಣ ಹೈಕೋರ್ಟ್ ಕೂಡ ಇದನ್ನೇ ಹೇಳಿತು. ಓದಿ ಕಣ್ಣು ತುಂಬಿತು. ಆದರೆ ಊರಿಗೆಲ್ಲ ಒಪ್ಪಿಸಿದ ಕೆಲಸ ಯಾರಿಗೂ ಒಪ್ಪಿಸಿದಂತಾಗುವುದಿಲ್ಲ. ಮಲ್ಲಿಕ್ ಮನೆಯ ದೇವರಿಗೆ ಕೊಡಿಸಹೊರಟದ್ದು ಒಬ್ಬನೇ ಒಬ್ಬ ಮಿತ್ರನನ್ನು, ಹೆಸರು ಹಿಡಿದು ಕರೆದರೆ ನ್ಯಾಯಾಲಯಕ್ಕೆ ಬರಬೇಕಾದವನನ್ನು.

2023ರ ಮೇ 18ರಂದು ಸುಪ್ರೀಂ ಕೋರ್ಟಿನ ಐವರ ಸಂವಿಧಾನ ಪೀಠ ಜಲ್ಲಿಕಟ್ಟಿನ ಜೊತೆ ಕಂಬಳದ ಕಾಯ್ದೆಯನ್ನೂ ಎತ್ತಿಹಿಡಿಯಿತು. ಪ್ರಾಣಿಗೆ ಮೂಲಭೂತ ಹಕ್ಕು ಕೊಟ್ಟ ನಿದರ್ಶನ ನಮ್ಮಲ್ಲಿಲ್ಲ, ಬೀದಿಯ ಹೋರಿಯನ್ನು ಅದರ ಇಷ್ಟಕ್ಕೆ ವಿರುದ್ಧವಾಗಿ ಕಟ್ಟಿಹಾಕಿದರೆ ಬಂಧನದಿಂದ ಬಿಡಿಸುವ ಹೇಬಿಯಸ್ ಕಾರ್ಪಸ್ ಅರ್ಜಿ ನಿಲ್ಲುತ್ತದೆಯೇ ಎಂಬುದೇ ಅನುಮಾನ, ಅದನ್ನು ಶಾಸನಸಭೆ ಯೋಚಿಸಲಿ ಎಂದಿತು. ಅದಕ್ಕೆ ಹಿಂದಿನ ವರ್ಷವೇ ನ್ಯೂಯಾರ್ಕಿನಲ್ಲಿ ಹ್ಯಾಪಿ ಎಂಬ ಆನೆಯ ಪರ ಹಾಕಿದ ಇಂಥದೇ ಅರ್ಜಿ ಐದಕ್ಕೆ ಎರಡು ಮತಗಳಿಂದ ಬಿದ್ದುಹೋಗಿತ್ತು.

ಇಷ್ಟೂ ವರ್ಷ ಕಂಬಳದ ಮೊಕದ್ದಮೆಯಲ್ಲಿ ಸರಕಾರದ ಪರ ವಕೀಲರಿದ್ದರು, ಕಂಬಳ ಸಮಿತಿಯ ಪರ ಇದ್ದರು, ಪ್ರಾಣಿದಯಾ ಸಂಘಟನೆಯ ಪರವೂ ಇದ್ದರು. ಎಲ್ಲರೂ ಕೋಣದ ಬಗ್ಗೆ ಮಾತಾಡಿದರು. ಕೋಣದ ಕಡೆಯಿಂದ ಮಾತಾಡಲಿಕ್ಕೆಂದೇ, ಕಂಬಳ ನಿಂತರೂ ನಡೆದರೂ ತನಗೇನೂ ಹೋಗಬೇಕಾದ್ದಿಲ್ಲದ ಒಬ್ಬರನ್ನು ನೇಮಿಸಲಿಲ್ಲ. ಕೋಣಕ್ಕೆ ಮತದ ಹಕ್ಕಾಗಲಿ ಆಸ್ತಿಯಾಗಲಿ ಕೇಳುವವನಲ್ಲ ನಾನು. 1925ರಲ್ಲಿ ಉಸಿರಿಲ್ಲದ ಮೂರ್ತಿಗೆ ಒಪ್ಪಿದ ಅಷ್ಟನ್ನು ಉಸಿರಾಡುವ ಜೀವಕ್ಕೂ ಒಪ್ಪಿ ಎನ್ನುತ್ತೇನೆ. ಆ ಮಿತ್ರ ಮಂಜೊಟ್ಟಿಯಲ್ಲೂ ನಿಲ್ಲಲಿ. ಪಶುವೈದ್ಯರೇ ಆಗಲಿ. ಯಜಮಾನನ ಸಂಬಳವೂ ಬೇಡ, ಸಮಿತಿಯ ಹಂಗೂ ಬೇಡ. ಉಸಿರು ಎಣಿಸಿ, ಬೆನ್ನು ನೋಡಿ, ‘ಈ ಜೋಡಿ ಇವತ್ತು ಇನ್ನು ಓಡುವುದಿಲ್ಲ’ ಎಂದರೆ ಆ ಮಾತು ನಿಲ್ಲಬೇಕು.

ಆ ದಿನ ಕಡಲಕೆರೆಯಲ್ಲಿ ಮುಂದಿನ ಸುತ್ತಿಗೆ ಮೈಕಿನಲ್ಲಿ ಕರೆ ಬಂತು. ಕೂಗಿದ್ದು ಯಜಮಾನರ ಮನೆತನದ ಹೆಸರು. ಕೋಣದ ಪಕ್ಕೆ ಇನ್ನೂ ಏರಿಳಿಯುತ್ತಲೇ ಇತ್ತು. ಬೈರಾಸಿನವ ಅದರ ಕುತ್ತಿಗೆ ತಟ್ಟಿ ಮೆಲ್ಲಗೆ ತುಳುವಿನಲ್ಲಿ “ಬಲ ಕಾಳ”, ಬಾ ಕಾಳ, ಅಂದ. ಕೋಣ ಕಿವಿಯನ್ನು ಅವನತ್ತ ತಿರುಗಿಸಿತು.